ಸೆಟ್‌ಯುಐಡಿ ಪಟ್ಟಿಯಲ್ಲಿ ಸಿಗದ ಅಧಿಕಾರಗಳು

ಸೆಟ್‌ಯುಐಡಿ ಬಿಟ್ ಇರುವ ಫೈಲುಗಳನ್ನೆಲ್ಲ ಫೈಂಡ್ ಕಮಾಂಡ್‌ನಿಂದ ಹುಡುಕಿ ನೋಡಿದ್ದೇನೆ, ಸರ್ವರ್ ಸುರಕ್ಷಿತ ತಾನೇ ಎಂದು ಕೇಳಿದ್ದೀರಿ. ಅರ್ಧ ಕೆಲಸ ಆಗಿದೆ, ಅಷ್ಟೇ.

2008ರಲ್ಲಿ ಬಂದ ಲಿನಕ್ಸ್ ಕರ್ನೆಲ್ 2.6.24ರಿಂದ ಈಚೆಗೆ ರೂಟ್‌ನ ಅಧಿಕಾರವನ್ನು ಬಿಡಿಬಿಡಿಯಾಗಿ ಒಂದೊಂದು ಫೈಲಿಗೆ ಕೊಡಬಹುದು. ಇಡೀ ಕೀಲಿಗೊಂಚಲಿನ ಬದಲು ಒಂದೇ ಕೀಲಿ ಕೊಟ್ಟ ಹಾಗೆ. ಕೇಪಬಿಲಿಟಿ ಎಂಬ ಈ ಬಿಡಿ ಅಧಿಕಾರಗಳು ಫೈಲಿನ ವಿಸ್ತೃತ ಗುಣಲಕ್ಷಣಗಳಲ್ಲಿ ಕೂತಿರುತ್ತವೆ. ಎಲ್‌ಎಸ್ ಎಷ್ಟೇ ಉದ್ದದ ಪಟ್ಟಿ ಕೊಟ್ಟರೂ ಅದರ ಅಕ್ಷರಗಳಲ್ಲಿ ಇವು ಕಾಣವು, ನಿಮ್ಮ ಸೆಟ್‌ಯುಐಡಿ ಹುಡುಕಾಟಕ್ಕೂ ಸಿಗವು.

ನಿಮಗೆ ಬೇಕಾದ್ದು ಗೆಟ್‌ಕ್ಯಾಪ್. ಅದರ ಮುಂದೆ ಹೈಫನ್, ಸಣ್ಣ ಆರ್, ಆಮೇಲೆ ಮೂಲ ಡೈರೆಕ್ಟರಿಯ ಓರೆಗೆರೆ. ಸುಡೊ ಸೇರಿಸಿ, ಇಲ್ಲದಿದ್ದರೆ ನಿಮಗೆ ಪ್ರವೇಶವಿಲ್ಲದ ಡೈರೆಕ್ಟರಿಗಳು ಬಿಟ್ಟುಹೋಗುತ್ತವೆ. ದೋಷಸಂದೇಶಗಳು ರಾಶಿ ಬಿದ್ದರೆ ಅವನ್ನು ಡೆವ್ ನಲ್‌ಗೆ ತಳ್ಳಿ.

ಪಿಂಗ್‌ಗೆ ನೆಟ್ ರಾ ಅಧಿಕಾರ ಕಂಡರೆ ಗಾಬರಿ ಬೇಡ, ಎಷ್ಟೋ ಕಡೆ ಅದು ಸಹಜ. ಆದರೆ ಪೈಥಾನ್ ಎದುರು ಸೆಟ್‌ಯುಐಡಿ ಕೇಪಬಿಲಿಟಿ, ಜೊತೆಗೆ ಇಪಿ ಎಂಬ ಅಕ್ಷರಗಳು ಕಂಡರೆ ಅಂದೇ ತೆಗೆಯಿರಿ. ಅದನ್ನು ಓಡಿಸಬಲ್ಲ ಯಾರೇ ಆದರೂ ಪಾಸ್‌ವರ್ಡ್ ಇಲ್ಲದೆ ರೂಟ್ ಆಗಬಹುದು. ಟಾರ್‌ಗೆ ಡಿಎಸಿ ರೀಡ್ ಸರ್ಚ್ ಕೊಟ್ಟಿದ್ದರೂ ಅಷ್ಟೇ ಅಪಾಯ. ಬ್ಯಾಕಪ್ ಸುಲಭವಾಗಲೆಂದು ಯಾರೋ ಕೊಟ್ಟಿರಬಹುದು, ಆದರೆ ಶ್ಯಾಡೋ ಫೈಲನ್ನೂ ಅದು ಓದಿಬಿಡುತ್ತದೆ.

ತೆಗೆಯಲು ಸೆಟ್‌ಕ್ಯಾಪ್, ಅದೇ ಸಣ್ಣ ಆರ್, ಫೈಲಿನ ಹೆಸರು. ಪ್ಯಾಕೇಜ್ ಅಪ್‌ಡೇಟ್ ಆದಾಗ ಫೈಲೇ ಬದಲಾಗುವುದರಿಂದ ನೀವು ಕೈಯಾರೆ ಕೊಟ್ಟ ಅಧಿಕಾರವೂ ಹೋಗುತ್ತದೆ. ಅಂಥ ಅಧಿಕಾರದ ಬಲದಿಂದ ಓಡುತ್ತಿದ್ದ ನಿಮ್ಮ ವೆಬ್ ಪ್ರೋಗ್ರಾಂ ಇದ್ದಕ್ಕಿದ್ದಂತೆ 80ನೇ ಪೋರ್ಟ್ ಹಿಡಿಯಲಾರದೆ ನಿಂತರೆ ಮೊದಲು ಇದನ್ನೇ ನೋಡಿ.