ರಕ್ತದ ಸಕ್ಕರೆಯನ್ನು ಅಳೆಯುವ ಲೋಹದ ಆಕ್ಸೈಡುಗಳು

ಮಧುಮೇಹಿಯ ಮೂತ್ರದಲ್ಲಿ ಸಕ್ಕರೆಯಿದೆಯೇ ಎಂದು ತಿಳಿಯಲು ಹಿಂದೆ ವೈದ್ಯರು ನೀಲಿಬಣ್ಣದ ಬೆನೆಡಿಕ್ಟ್ ದ್ರಾವಣವನ್ನು ಬಳಸುತ್ತಿದ್ದರು. 5 ಮಿಲಿಲೀಟರ್ ದ್ರಾವಣಕ್ಕೆ 8 ಹನಿ ಮೂತ್ರವನ್ನು ಸೇರಿಸಿ ಕಾಯಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಬಣ್ಣವು ಹಸುರು, ಹಳದಿ, ಕೊನೆಗೆ ಇಟ್ಟಿಗೆಗೆಂಪಾಗುವುದು. ಇಲ್ಲಿ ನಡೆಯುವುದೇನು? ಕ್ಷಾರದಲ್ಲಿರುವ ತಾಮ್ರದ ಅಯಾನುಗಳು ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು ಕೆಂಪು ಆಕ್ಸೈಡಾಗಿ ಮಾರ್ಪಡುತ್ತವೆ. ಬಣ್ಣವನ್ನು ನೋಡಿ ಪ್ರಮಾಣವನ್ನು ಅಂದಾಜು ಮಾಡಬಹುದಷ್ಟೆ. ಆದರೆ ಎಲೆಕ್ಟ್ರಾನುಗಳ ಹರಿವೇ ವಿದ್ಯುತ್ಪ್ರವಾಹವಾದುದರಿಂದ, ಅದನ್ನೇ ಅಳೆದರೆ ನಿಖರವಾದ ಅಂಕಿ ದೊರೆಯುವುದು.

ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸಿ ಸಕ್ಕರೆಯನ್ನು ಅಳೆಯುವ ವಿಧಾನವನ್ನು ಅಮೆರಿಕದ ಕ್ಲಾರ್ಕ್ ಮತ್ತು ಲಯನ್ಸ್ 1962ರಲ್ಲಿ ಪ್ರಕಟಿಸಿದರು. ಇಂದು ಮನೆಗಳಲ್ಲಿ ಬಳಸುವ ಪರೀಕ್ಷಾ ಪಟ್ಟಿಗಳಲ್ಲಿಯೂ ಕಿಣ್ವವೇ ಕೆಲಸ ಮಾಡುತ್ತದೆ. ಹಲವು ವಸ್ತುಗಳು ಬೆರೆತ ರಕ್ತದಲ್ಲಿ ಗ್ಲೂಕೋಸನ್ನು ಗುರುತಿಸುವುದು ಅದರ ಹಿರಿಮೆ. ಆದರೆ ಕಿಣ್ವವು ಪ್ರೋಟೀನು. ಶಾಖ, ತೇವಗಳಿಂದ ಕೆಡುತ್ತದೆ. ಕೆಟ್ಟ ಪಟ್ಟಿ ತೋರಿಸಿದ ತಪ್ಪು ಅಂಕಿಯನ್ನು ನಂಬಿ ಇನ್ಸುಲಿನ್ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯವುಂಟು.

ಆದುದರಿಂದ ವಿಜ್ಞಾನಿಗಳು ಸುಲಭವಾಗಿ ಕೆಡದ ಲೋಹದ ಆಕ್ಸೈಡುಗಳತ್ತ ತಿರುಗಿದ್ದಾರೆ. ನಿಕಲ್ ಆಕ್ಸೈಡನ್ನು ಲೇಪಿಸಿದ ವಿದ್ಯುದ್ವಾರವನ್ನು ಕ್ಷಾರದಲ್ಲಿ ಮುಳುಗಿಸಿ ತಕ್ಕ ವಿದ್ಯುತ್ ಒತ್ತಡವನ್ನು ಕೊಟ್ಟಾಗ, ಮೇಲ್ಮೈಯ ನಿಕಲ್ ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಆ ಕೊರತೆಯನ್ನು ಅದು ಗ್ಲೂಕೋಸಿನಿಂದ ತುಂಬಿಕೊಂಡು, ಪಡೆದುದನ್ನು ಮತ್ತೆ ವಿದ್ಯುದ್ವಾರಕ್ಕೆ ಒಪ್ಪಿಸುತ್ತದೆ. ಬಾವಿಗೆ ಇಳಿದು ತುಂಬಿ, ಮೇಲೇರಿ ಬರಿದಾಗುವ ಕೊಡದಂತೆ ಈ ಕ್ರಿಯೆ ಮರುಕಳಿಸುತ್ತಲೇ ಇರುವುದು. ತಾಮ್ರದ ಆಕ್ಸೈಡನ್ನೂ ಹೀಗೆಯೇ ಬಳಸಬಹುದು.

ಈ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ ಮಾತ್ರ. 1 ಸೆಂಟಿಮೀಟರ್ ಅಂಚಿನ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು 10 ನ್ಯಾನೊಮೀಟರ್ ಅಂಚಿನ ಘನಗಳಾಗಿ ಕತ್ತರಿಸಿದೆವೆನ್ನೋಣ. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಆಗ ಒಟ್ಟು ಮೇಲ್ಮೈ 600 ಚದರ ಮೀಟರಾಗುವುದು! ವಸ್ತು ಅಷ್ಟೇ, ಗ್ಲೂಕೋಸಿಗೆ ತೆರೆದ ಜಾಗ ಮಾತ್ರ ಹತ್ತು ಲಕ್ಷ ಪಟ್ಟು. ನ್ಯಾನೊ ರಚನೆಯ ಆಕ್ಸೈಡುಗಳು ಅತ್ಯಲ್ಪ ಸಕ್ಕರೆಯನ್ನೂ ಪತ್ತೆಮಾಡಲು ಇದೇ ಮುಖ್ಯ ಕಾರಣ.

ಹಾಗಾದರೆ ಕಿಣ್ವವನ್ನು ಕೈಬಿಡಬಹುದೇ? ಎರಡು ತೊಡಕುಗಳಿವೆ. ನಿಕಲ್, ತಾಮ್ರಗಳ ಆಕ್ಸೈಡುಗಳು ಚೆನ್ನಾಗಿ ಕೆಲಸ ಮಾಡುವುದು ಸುಮಾರು 13 ಪಿಎಚ್ ಇರುವ ತೀಕ್ಷ್ಣ ಕ್ಷಾರದಲ್ಲಿ; ರಕ್ತದ ಪಿಎಚ್ ಸುಮಾರು 7.4. ಅಲ್ಲದೆ ರಕ್ತದಲ್ಲಿರುವ ಸಿ ಜೀವಸತ್ವ, ಯೂರಿಕ್ ಆಮ್ಲಗಳೂ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಂಕಿಯನ್ನು ಕೆಡಿಸಬಲ್ಲವು.

ಕಿಣ್ವ, ಆಕ್ಸೈಡುಗಳೆರಡನ್ನೂ ಕೂಡಿಸುವ ದಾರಿಯೂ ಉಂಟು. ರಕ್ತದ ಪಿಎಚ್‌ನಲ್ಲಿ ಸತುವಿನ ಆಕ್ಸೈಡು ಧನವಿದ್ಯುತ್ತನ್ನೂ ಗ್ಲೂಕೋಸ್ ಆಕ್ಸಿಡೇಸ್ ಋಣವಿದ್ಯುತ್ತನ್ನೂ ಹೊಂದಿರುವುದರಿಂದ, ಆಕ್ಸೈಡಿನ ನ್ಯಾನೊ ಕಡ್ಡಿಗಳು ಕಿಣ್ವವನ್ನು ತಮ್ಮತ್ತ ಸೆಳೆದು ಹಿಡಿದಿಡುತ್ತವೆ.

ಅತ್ಯಲ್ಪ ಸಕ್ಕರೆಯನ್ನು ಗುರುತಿಸಿದರೆ ಸಾಲದು. ಸಕ್ಕರೆಯಲ್ಲದುದನ್ನು ಸಕ್ಕರೆಯೆಂದು ಭ್ರಮಿಸಬಾರದು. ಹೊಸ ಆಕ್ಸೈಡುಗಳನ್ನು ನಾವು ಈ ಎರಡನೆಯ ಒರೆಗಲ್ಲಿಗೂ ಹಚ್ಚಿ ನೋಡಬೇಕು. ರೋಗಿಯು ನಂಬಿ ನಡೆಯುವುದು ಆ ಅಂಕಿಯನ್ನೇ ಅಲ್ಲವೆ?