ಹೊರಟಲ್ಲಿಗೇ ಬಂದರೂ ದಣಿವೇಕೆ?

ಮಕ್ಕಳೇ, ನಿಮ್ಮಲ್ಲಿ ಹಲವರಿಗೆ ಸೈಕಲ್ ತುಳಿಯಲು ಬರುತ್ತದೆ. ಹಂಪಿಯನ್ನು ಸೈಕಲ್ ಮೇಲೆ ಸುತ್ತಿದ್ದೀರಾ? ಇಲ್ಲವಾದರೆ ಈಗ ಒಂದು ಸುತ್ತು ಹೋಗಿ ಬರೋಣ. ಹೋದ ದಾರಿಯಲ್ಲೇ ಹಿಂದಿರುಗದೆ, ಹೊರಟ ಜಾಗಕ್ಕೇ ಬಂದು ಸೇರುವ ದಾರಿ ಇದು.

ಹೊರಡುವ ಮುನ್ನ ಒಂದು ಚಿಕ್ಕ ಕೆಲಸ. ಟೈರಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ. ಗುರುತು ನೆಲಕ್ಕೆ ತಾಗಿರುವಾಗ ನೆಲದ ಮೇಲೂ ಒಂದು ಗೆರೆ ಎಳೆಯಿರಿ. ಸೈಕಲ್ಲನ್ನು ನೇರವಾಗಿ ಮೆಲ್ಲಗೆ ತಳ್ಳಿ. ಗುರುತು ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ದೂರವೇ ಚಕ್ರದ ಪರಿಧಿ. ದೊಡ್ಡವರ ಸೈಕಲ್ಲಿನಲ್ಲಿ ಇದು ಸುಮಾರು 2.2 ಮೀಟರ್. ಅಂದರೆ 1 ಕಿಲೋಮೀಟರಿಗೆ ಚಕ್ರ ಸುಮಾರು 455 ಸಲ ಉರುಳಬೇಕು!

ವಿರೂಪಾಕ್ಷ ದೇವಾಲಯದಿಂದ ಹೊರಟೊಡನೆ ಹೇಮಕೂಟದ ಬದಿಯ ಏರು. ಮುಂದೆ 1513ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ಕೃಷ್ಣ ದೇವಾಲಯ, ಆಮೇಲೆ 1528ರ ಉಗ್ರನರಸಿಂಹ. ಪಕ್ಕದ ಬಡವಿಲಿಂಗದ ಬುಡದಲ್ಲಿ ಕಾಲುವೆಯ ನೀರು ನಿಂತಿರುತ್ತದೆ. ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಇಲ್ಲಿನ ಬಾಳೆ, ಕಬ್ಬಿಗೆ ನೀರುಣಿಸುತ್ತಿವೆ.

ದಾರಿಯುದ್ದಕ್ಕೂ ಕಾಣುವ ಗುಂಡುಬಂಡೆಗಳನ್ನು ಯಾರೂ ತಂದು ಪೇರಿಸಿದ್ದಲ್ಲ. ಅವು ಗ್ರಾನೈಟ್ ಶಿಲೆ. ಶಿಲೆಯ ಬಿರುಕುಗಳಲ್ಲಿ ನೀರು ಇಳಿದು ಕಲ್ಲನ್ನು ನಿಧಾನವಾಗಿ ಸಡಿಲಿಸುತ್ತದೆ. ಚೌಕಟ್ಟಾದ ತುಂಡಿನ ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಮುಖಕ್ಕೆ ಒಂದೇ ಕಡೆಯಿಂದ. ಆದ್ದರಿಂದ ಮೂಲೆಗಳೇ ಮೊದಲು ಸವೆದು ಕಲ್ಲು ಗುಂಡಗಾಗುತ್ತದೆ. ಮನೆಯಲ್ಲಿ ಬಳಸಿದ ಸೋಪನ್ನು ನೋಡಿ, ತಿಳಿಯುತ್ತದೆ.

ಹಜಾರ ರಾಮ, ಮಹಾನವಮಿ ದಿಬ್ಬ, ರಾಣಿಯ ಸ್ನಾನಗೃಹ ನೋಡಿಕೊಂಡು ಕಮಲಾಪುರ ಸೇರಿದೆವು. ಅಲ್ಲಿಂದ ಪಟ್ಟಾಭಿರಾಮ ದೇವಾಲಯದ ಕಡೆಗೆ ತಿರುಗಿ, ಉತ್ತರಕ್ಕೆ ಸಾಗಿ ವಿಠ್ಠಲ ದೇವಾಲಯ. ಕೊನೆಗೆ ಹಂಪಿಗೆ ನದಿಯಂಚಿನ ಕಾಲುದಾರಿ. ಬಂಡೆ, ಮೆಟ್ಟಿಲುಗಳಿರುವ ಈ ದಾರಿಯಲ್ಲಿ ಸೈಕಲ್ ನಮ್ಮನ್ನು ಹೊರುವುದಿಲ್ಲ. ನಾವೇ ಅದನ್ನು ತಳ್ಳಬೇಕು, ಕೆಲವೆಡೆ ಎತ್ತಬೇಕು.

ಈಗ ಪ್ರಶ್ನೆ. ಹೊರಟ ಜಾಗಕ್ಕೇ ಬಂದಿದ್ದೇವೆ. ಏರಿದಷ್ಟೇ ಎತ್ತರವನ್ನು ಇಳಿದಿದ್ದೇವೆ. ಏರುವಾಗ ಕೊಟ್ಟ ಶಕ್ತಿ ಇಳಿಯುವಾಗ ಮರಳಿ ಸಿಗಬೇಕಲ್ಲವೇ? ಸಿಗುತ್ತದೆ, ಆದರೆ ಪೂರ್ತಿ ಅಲ್ಲ. ಸ್ವಲ್ಪ ಗಾಳಿಯನ್ನು ಸೀಳುವುದರಲ್ಲಿ, ಸ್ವಲ್ಪ ಟೈರು ಮತ್ತು ಚೈನಿನ ಘರ್ಷಣೆಯಲ್ಲಿ ಹೋಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರಂತೂ ಉಳಿದದ್ದೂ ಶಾಖವಾಗುತ್ತದೆ. ಹಾಗೆಂದು ಬ್ರೇಕ್ ಹಿಡಿಯದೆ ಇಳಿಯಬೇಡಿ!

ಸಮಯದ ಲೆಕ್ಕ ಇನ್ನೂ ಮೋಸದ್ದು. 18 ಕಿಲೋಮೀಟರ್ ಸುತ್ತಿನಲ್ಲಿ 9 ಕಿ.ಮೀ. ಏರು, 9 ಕಿ.ಮೀ. ಇಳಿಜಾರು ಎಂದುಕೊಳ್ಳಿ. ಏರಿನಲ್ಲಿ ಗಂಟೆಗೆ 6 ಕಿ.ಮೀ., ಇಳಿಜಾರಿನಲ್ಲಿ 18 ಕಿ.ಮೀ. ವೇಗ. ಸರಾಸರಿ 12 ಎಂದು ಹೇಳುವಿರಾ? ಹಾಗಾದರೆ ಒಂದೂವರೆ ಗಂಟೆ ಸಾಕು. ಆದರೆ ಏರಿಗೇ ಒಂದೂವರೆ ಗಂಟೆ ಬೇಕು, ಇಳಿಜಾರಿಗೆ ಅರ್ಧ ಗಂಟೆ. ಒಟ್ಟು 2 ಗಂಟೆ, ಸರಾಸರಿ ವೇಗ ಕೇವಲ 9. ನಿಧಾನವಾಗಿ ಹೋಗುವಾಗ ಹೆಚ್ಚು ಹೊತ್ತು ಕಳೆಯುತ್ತೇವೆ, ಅದಕ್ಕೇ ಹೀಗೆ.

ಡಿಸೆಂಬರ್ ಮೊದಲ ವಾರ ಸಂಜೆ 4ಕ್ಕೆ ಇಂಥ ಸುತ್ತು ಹೊರಟವರು ಐದೂವರೆಗೆ ಮನೆ ಸೇರುತ್ತೇವೆಂದು ನಂಬಿರುತ್ತಾರೆ. ಸೇರುವುದು 6ಕ್ಕೆ. ಅಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಸೈಕಲ್ಲಿಗೆ ದೀಪವಿಲ್ಲ, ಎದುರಿಗೆ ಲಾರಿ ಬರುತ್ತಿದೆ. ತಪ್ಪಿದ್ದು ಅರ್ಧ ಗಂಟೆಯ ಲೆಕ್ಕ ಮಾತ್ರ.

ಮಾಡಿ ನೋಡಿ: ನಿಮ್ಮ ಊರಿನ ಕೆರೆ, ಗುಡಿ, ಶಾಲೆಗಳನ್ನು ಸೇರಿಸಿ ಒಂದು ಸುತ್ತಿನ ನಕ್ಷೆ ಬರೆಯಿರಿ. ಏರು, ಇಳಿಜಾರುಗಳನ್ನು ಬಾಣದಿಂದ ಗುರುತಿಸಿ. ಅದೇ ಸುತ್ತನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಹಗಲಿನಲ್ಲಿ, ಹಿರಿಯರೊಬ್ಬರ ಜೊತೆ ಹೋಗಿ ಸಮಯ ಬರೆದುಕೊಳ್ಳಿ. ಎರಡೂ ಒಂದೇ ಆಗಿದೆಯೇ?