ತುಕ್ಕು ಎಷ್ಟಿದೆ ಎನ್ನುವುದಲ್ಲ, ಎಲ್ಲಿದೆ ಎನ್ನುವುದು

ಅಪ್ಪನ ಕಾಲದ ಪದ್ಮಿನಿಯನ್ನೋ ಅಜ್ಜನ ಅಂಬಾಸಿಡರನ್ನೋ ಶೆಡ್ಡಿನಿಂದ ಹೊರಗೆಳೆದವರು ಮೊದಲು ಕೇಳುವುದು, ಎಂಜಿನ್ ಸ್ಟಾರ್ಟ್ ಆದೀತೇ ಎಂದು. ಆ ಚಿಂತೆ ಆಮೇಲಿರಲಿ. ಪದ್ಮಿನಿಯ 1089 ಸಿಸಿ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಕೈಗಳು ಇನ್ನೂ ಸಿಗುತ್ತವೆ. ಕಾರು ರಸ್ತೆಗೋ ಗುಜರಿಗೋ ಎಂದು ತೀರ್ಮಾನಿಸುವುದು ತುಕ್ಕು. ಟಿಂಕರಿಂಗ್‌ಗೆ ಮುಂಗಡ ಕೊಡುವ ಮೊದಲು ಇವನ್ನು ನೋಡಿಕೊಳ್ಳಿ.

1. ಶಾಸಿ ಬೇರೆ ಇದೆಯೇ ತಿಳಿಯಿರಿ. ವಿಲ್ಲಿಸ್ ಜೀಪು, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳಲ್ಲಿ ಶಾಸಿ ಪ್ರತ್ಯೇಕ. ಅದು ಗಟ್ಟಿಯಿದ್ದರೆ ಮೇಲಿನ ಬಾಡಿ ಎಷ್ಟು ಹಾಳಾಗಿದ್ದರೂ ದಾರಿಯಿದೆ. ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಬಾಡಿಯೇ ಶಾಸಿ. ಅಲ್ಲಿ ಬಾಗಿಲ ಕೆಳಗಿನ ಸಿಲ್ ಕೊಳೆತಿದೆ ಎಂದರೆ ಭಾರ ಹೊರುವ ತೊಲೆಯೇ ಕೊಳೆತಂತೆ.

2. ಅಯಸ್ಕಾಂತ ಮತ್ತು ಹಳೆ ಸ್ಕ್ರೂಡ್ರೈವರ್ ಜೇಬಲ್ಲಿರಲಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಆಡಿಸಿ. ಹಿಡಿತ ಸಡಿಲವಾದ ಕಡೆ ತಗಡಿಲ್ಲ, ಪುಟ್ಟಿ ಇದೆ. ಅಡಿಭಾಗವನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಅದರ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ದಪ್ಪೆನ್ನುತ್ತದೆ. ಮಾರುವವರು ಚುಚ್ಚಲು ಬಿಡದಿದ್ದರೆ ಅದೇ ಉತ್ತರ ಎಂದುಕೊಳ್ಳಿ. ಹೊಸದಾಗಿ ದಪ್ಪ ಕಪ್ಪು ಕೋಟಿಂಗ್ ಬಳಿದ ಅಡಿಭಾಗವನ್ನಂತೂ ಎರಡು ಪಟ್ಟು ಅನುಮಾನದಿಂದ ನೋಡಿ. ಮೇಲೆ ಥಳುಕು, ಒಳಗೆ ಹುಳುಕು.

3. ಜಾಕ್ ಹಾಕಿ ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಮೊದಲು ಕಾರು ನೆಲದ ಮೇಲಿರುವಾಗಲೇ ನಾಲ್ಕೂ ಬಾಗಿಲು ತೆರೆದು ಮುಚ್ಚಿ, ಸಂದುಗಳ ಅಗಲ ನೋಡಿಕೊಳ್ಳಿ. ಆಮೇಲೆ ಒಂದು ಬದಿ ಎತ್ತಿ. ಜಾಕ್ ಕೂರುವ ಜಾಗ ಕುಸಿದರೆ, ಸಂದುಗಳ ಅಗಲ ಮೊದಲಿನಂತೆ ಉಳಿಯದಿದ್ದರೆ, ನೆಟ್ಟಗಿದ್ದ ಬಾಗಿಲು ಈಗ ಬಿಗಿಯಾದರೆ ಬಾಡಿ ನಡುವಿನಲ್ಲಿ ಬಾಗುತ್ತಿದೆ. ಹೊರಗಿನ ಸಿಲ್ ಹೊಸದಿದ್ದರೂ ಒಳಗಿನದು ಹೋಗಿರಬಹುದು. ಹಳೆ ತುಕ್ಕಿನ ಮೇಲೆಯೇ ಹೊಸ ತಗಡು ಅಂಟಿಸುವ ಚಾಳಿ ಎಲ್ಲ ಊರಲ್ಲೂ ಇದೆ. ಎತ್ತಿದ ಕಾರಿನ ಕೆಳಗೆ ನುಸುಳುವ ಮುನ್ನ ಗಟ್ಟಿ ಜಾಗ ನೋಡಿ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಬೇಡಿ.

4. ನೆಲದ ತೂತಿಗೆ ಹೆದರಬೇಡಿ. ಕಾಲಡಿಯ ಮ್ಯಾಟ್ ಎತ್ತಿದಾಗ ರಸ್ತೆ ಕಂಡರೆ ಎದೆ ಧಸಕ್ಕೆನ್ನುವುದು ನಿಜ. ಆದರೆ ಅದು ಬಹುಮಟ್ಟಿಗೆ ಚಪ್ಪಟೆ ತಗಡು, ಕತ್ತರಿಸಿ ಹೊಸದು ಕೂರಿಸಬಹುದು. ಮಡ್‌ಗಾರ್ಡು, ಬಾಗಿಲಿನ ತಳ, ಡಿಕ್ಕಿಯ ನೆಲ ಕೂಡ ಹಾಗೆಯೇ. ಅಂದಗೆಟ್ಟ ತುಕ್ಕು ಅಗ್ಗದ ತುಕ್ಕು.

5. ದುಬಾರಿ ತುಕ್ಕು ಅಡಗಿರುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ನೇತುಹಾಕುವ ಜಾಗ, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗುವ ಜಾಗ, ಅಂಬಾಸಿಡರಿನ ಮುಂದಿನ ಟಾರ್ಷನ್ ಬಾರುಗಳನ್ನು ಹಿಡಿದಿಡುವ ಕ್ರಾಸ್ ಮೆಂಬರ್. ಇವುಗಳಲ್ಲಿ ಒಂದು ಹೋಗಿದ್ದರೆ ಒಳ್ಳೆಯ ವೆಲ್ಡರನ್ನು ಕರೆಸಿ ತೋರಿಸಿ. ಎರಡು ಹೋಗಿದ್ದು ಸಿಲ್ ಕೂಡ ಕೊಳೆತಿದ್ದರೆ, ಅದು ಅಪರೂಪದ ಮಾಡೆಲ್ ಅಲ್ಲದಿದ್ದರೆ, ಕೈಬಿಡಿ ಎಂಬುದೇ ನನ್ನ ಸಲಹೆ.

6. ಕೊಟೇಶನ್ ಎರಡು ಸಲ ಕೇಳಿ. ಬಣ್ಣ ಕೆರೆಯುವ ಮೊದಲು ಹೇಳುವ ಮೊತ್ತ ಬರೀ ಅಂದಾಜು. ಕೆರೆದು ಬರೀ ತಗಡು ಕಂಡ ಮೇಲೆ ಒಂದೊಂದು ಪ್ಯಾನೆಲ್ಲಿಗೂ ಬರೆಸಿಕೊಳ್ಳಿ. ತಗಡಿನ ದುಡ್ಡು ಸಣ್ಣದು, ಕೂಲಿ ದೊಡ್ಡದು. ಆ ಮೊತ್ತವನ್ನು ಚಿತ್ರದುರ್ಗ, ಬಳ್ಳಾರಿ ಕಡೆಯ ಒಣ ಹವೆಯಲ್ಲಿ ಉಳಿದ ಇನ್ನೊಂದು ಕಾರಿನ ಬೆಲೆಯ ಪಕ್ಕದಲ್ಲಿಡಿ. ಮಂಗಳೂರು, ಕಾರವಾರದ ಉಪ್ಪುಗಾಳಿ, ಮಳೆ ಎರಡನ್ನೂ ಉಂಡ ಬಾಡಿಗಿಂತ ಅದು ಬಹಳ ಸಲ ಅಗ್ಗಕ್ಕೇ ಬೀಳುತ್ತದೆ. ಅಪ್ಪನ ಕಾರೇ ಬೇಕೆಂದರೆ ಲೆಕ್ಕ ಬೇರೆ. ಆದರೆ ಅದು ಪ್ರೀತಿಯ ಖರ್ಚು ಎಂದು ಮನೆಯವರಿಗೆ ಮೊದಲೇ ಹೇಳಿಬಿಡಿ.

7. ಮಾಡಿಸುವುದಾದರೆ ಕ್ರಮ ತಪ್ಪಬೇಡಿ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಮೊದಲು ಇಳಿಯಲಿ. ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಕಬ್ಬಿಣದ ಪೈಪು ಅಡ್ಡ ಬೆಸೆಯಬೇಕು. ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು. ಇಲ್ಲದಿದ್ದರೆ ಬಾಡಿ ತಿರುಚಿಕೊಂಡು ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ. ತುಕ್ಕನ್ನು ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಲಿ. ಭಾರ ಹೊರುವ ಜಾಗಕ್ಕೆ ಫೈಬರ್ ಹಚ್ಚಲು ಬಂದರೆ ನಿಲ್ಲಿಸಿ. ಬೆಸುಗೆಯ ನಂತರ ಸಂದುಗಳಿಗೆ ಸೀಲರ್, ಸಿಲ್‌ನ ಒಳಗೆ ಮೇಣದ ಸ್ಪ್ರೇ. ಬಾಗಿಲ ತಳದ ನೀರು ಇಳಿಯುವ ತೂತುಗಳು ಪುಟ್ಟಿಯಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳಿ.

8. ಕಾಗದಪತ್ರ ಮರೆಯಬೇಡಿ. 50 ವರ್ಷ ದಾಟಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿ ನಿಯಮ ತಂದಿದೆ. ಶಾಸಿಯನ್ನೋ ಬಾಡಿಯನ್ನೋ ಬದಲಿಸಿ ರೂಪ ಕೆಡಿಸಿದ ವಾಹನ ಅದಕ್ಕೆ ಸಲ್ಲದು. ಆದ್ದರಿಂದ ಕೆಲಸಕ್ಕೆ ಮೊದಲು, ನಡುವೆ, ಕೊನೆಗೆ ಫೋಟೊ ತೆಗೆದಿಡಿ. ಶಾಸಿ ನಂಬರ್ ಕೊರೆದ ತುಂಡಿಗೆ ಯಾರೂ ಕಟರ್ ತಾಗಿಸಬಾರದು. ಕೈಬಿಟ್ಟಿರಿ ಎನ್ನೋಣ: ಗ್ಲಾಸು, ಹಿಡಿ, ಗ್ರಿಲ್, ಮೀಟರ್‌ಗಳನ್ನು ಬಿಚ್ಚಿಡಿ, ಅವಕ್ಕಾಗಿ ಕಾಯುವವರಿದ್ದಾರೆ. ಬಾಡಿ ಗುಜರಿಗೆ ಹೋದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಿ.